ಮಾಟವಾದ ಗೇಟು

"ಅದೊಂದು ಬೇಡ ಸಾರ್. ಅದಕ್ಕೆ ಮಾಟ ಮಾಡ್ಸಿದಾರೆ."

ಗುಜರಿಯವನು ಇದನ್ನು ಹೇಳಿದ್ದು ದನಿ ತಗ್ಗಿಸಿ, ಅತ್ತಿತ್ತ ನೋಡಿ. ತುಕ್ಕು ಹಿಡಿದ ಕಿಟಕಿ ಸರಳು, ಕಾಲು ಮುರಿದ ಕುರ್ಚಿ, ಬುಡ ತೂತಾದ ಬಕೆಟ್ಟುಗಳ ರಾಶಿಯ ಹಿಂದೆ ಹಳೆಯ ಮರದ ಗೇಟೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಚಿಲಕವನ್ನು ತಂತಿಯಿಂದ ಸುತ್ತಿ ಸುತ್ತಿ ಬಿಗಿದಿದ್ದರು.

"ಮಾಟವಾ?" ಗಿರಾಕಿ ಹಲ್ಲು ಕಿರಿದ. "ಈ ಊರಿನ ಗೇಟುಗಳಿಗೆ ಇಲ್ಲದೇ ಇರೋದೇ ಅದು ಕಣಯ್ಯ. ಒಂದಕ್ಕಾದ್ರೂ ಮಾಟ ಅನ್ನೋದಿದ್ಯಾ? ಒಂದು ಸೊಟ್ಟ, ಒಂದು ಜೋತು ಬಿದ್ದಿದೆ, ಇನ್ನೊಂದು ನೆಲ ಕೆರೆಯುತ್ತೆ. ಇದೊಂದೇ ನೆಟ್ಟಗೆ, ಮಾಟವಾಗಿರೋದು. ಇಳಿಸು, ಇಳಿಸು."

ತನ್ನ ಜೋಕಿಗೆ ತಾನೇ ಇನ್ನೊಂದು ಸಲ ನಕ್ಕ. ಗುಜರಿಯವನು ನಗಲಿಲ್ಲ.

ಬೀದಿಯವರು ಈ ಮನುಷ್ಯನಿಗೆ ಇಟ್ಟಿದ್ದ ಹೆಸರು ಮೂಲೆಮಟ್ಟ. ಹಲಗೆಗಳು ಕೂಡುವ ಮೂಲೆ ನೇರವಾಗಿದೆಯೇ ಎಂದು ಬಡಗಿಗಳು ಹಿಡಿದು ನೋಡುತ್ತಾರಲ್ಲ, ಆ ಸಾಧನ ಸದಾ ಇವನ ಜೇಬಿನಿಂದ ಇಣುಕುತ್ತಿತ್ತು. ಕುರ್ಚಿ ಮೇಜು ಮಾಡುವ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಮಾಲು ತಪಾಸಣೆ ಮಾಡಿದವನು. ಅಂದರೆ, ಬೇರೆಯವರು ಬೆವರು ಸುರಿಸಿ ಮಾಡಿದ್ದರ ಮೇಲೆ ಕೆಂಪು ಸೀಮೆಸುಣ್ಣದ ಗೀಟು ಎಳೆದು, ಮೂಗು ಮುರಿದು ಮುಂದೆ ಹೋಗುವುದೇ ಕೆಲಸ. ನಿವೃತ್ತನಾಗಿ ಈ ಬೀದಿಗೆ ಬಂದು ಮನೆ ಮಾಡಿದ ಮೇಲೆ ಸೀಮೆಸುಣ್ಣ ಹೋಯಿತು, ನಾಲಿಗೆ ಉಳಿಯಿತು. ಮನೆಯ ಪಕ್ಕದ ಶೆಡ್ಡಿನಲ್ಲಿ ತೋಟದ ಗೇಟು ಮಾಡುವುದನ್ನು ಹಚ್ಚಿಕೊಂಡ. ಗೇಟು ಮಾಡಿಸಿಕೊಳ್ಳಲು ಬಂದವರು ಅಳತೆ ಕೊಟ್ಟು ಬೈಸಿಕೊಂಡು ಹೋಗುತ್ತಿದ್ದರು. ಕೆಲಸ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಬಾಯಿ ಮಾತ್ರ ಚರಂಡಿ.

"ಬೀದಿ ಕೊನೆ ಮನೇಲಿದ್ದ ಅಜ್ಜಿದು ಸಾರ್ ಇದು," ಎಂದ ಗುಜರಿಯವನು. "ನಶ್ಯ ಏರಿಸ್ಕೊಂಡು ಗೇಟಿನ ಮೇಲೆ ಕೈಯಿಟ್ಟು ನಿಂತ್ಲು ಅಂದ್ರೆ ಹೋಗೋರು ಬರೋರಿಗೆಲ್ಲ ಶಾಪ. ಯಾರೂ ಕ್ಯಾರೇ ಅಂತಿರ್ಲಿಲ್ಲ. ಅದಕ್ಕೇ ಹೊಟ್ಟೆ ಉರ್ಕೊಂಡು, ಯಾರನ್ನೋ ಕರೆಸಿ ಮಂತ್ರ ಹಾಕ್ಸಿದ್ಲು. ಇದರ ಮೇಲೆ ಕೈಯಿಟ್ಟು ಆಡಿದ ಕೆಟ್ಟ ಮಾತು ಹತ್ತಬೇಕು ಅಂತ. ಹತ್ತಿತು ಸಾರ್. ಒಬ್ಬೊಬ್ಬರಿಗೂ ಹತ್ತಿತು."

"ಒಳ್ಳೆ ಮಾತು ಹತ್ತಲ್ವಾ?"

"ಅದು ಇದಕ್ಕೆ ಕೇಳ್ಸೋದೇ ಇಲ್ಲ."

"ಹಾಗಿದ್ರೆ ಒಲೆಗೆ ಹಾಕೋಕೆ ನಿನಗೇನಾಗಿತ್ತು ದಾಡಿ?"

"ಒಡೆದ್ರೆ, ಸುಟ್ರೆ, ಹತ್ತಿದ ಮಾತು ಹಾಗೇ ನಿಂತುಬಿಡುತ್ತಂತೆ." ಅವನು ತಂತಿ ಬಿಗಿದ ಚಿಲಕದ ಕಡೆ ಒಮ್ಮೆ ನೋಡಿದ. "ಬೇರೆ ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡ್ತಿದ್ನೇನೋ. ನಿಮ್ ಬಾಯಿ ಕಂಡೇ ನನಗೆ ಭಯ."

ಮೂಲೆಮಟ್ಟ ಇದನ್ನು ಹೊಗಳಿಕೆ ಎಂದುಕೊಂಡ. ಕೀಲುಗಳು ಬಿಗಿಯಾಗಿದ್ದವು, ಮರ ಗಟ್ಟಿ, ಹುಳ ಹಿಡಿದಿರಲಿಲ್ಲ. ತನ್ನ ಮನೆಯ ಗೇಟಿಗೆ ಇಂಥದೇ ಹಲಗೆ ಬೇಕಿತ್ತು. ಕೈಗಾಡಿಯ ಮೇಲೆ ಹೇರಿಸಿದ. ತಳ್ಳುವುದಕ್ಕೆ ಬಾಮೈದ ಇದ್ದೇ ಇದ್ದನಲ್ಲ.

ಬಾಮೈದ ಎಂದರೆ ಹೆಂಡತಿಯ ತಮ್ಮ. ದರ್ಜಿ. ಅವನ ಬೆರಳು ಬಟ್ಟೆಯ ಮೇಲೆ ಓಡುವುದನ್ನು ನೋಡಲು ಜನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಅಂಗಡಿಗೆ ರಜೆ ಇದ್ದ ದಿನ ಅಕ್ಕನ ಮುಖ ನೋಡಿಕೊಂಡು ಭಾವನ ಶೆಡ್ಡಿಗೆ ಬಂದು, ಹಿಡಿ ಎಂದದ್ದನ್ನು ಹಿಡಿದು, ಬೈದದ್ದನ್ನು ಹೊಟ್ಟೆಗೆ ಹಾಕಿಕೊಂಡು ಹೋಗುತ್ತಿದ್ದ. ಅಕ್ಕ ಮಾಡುತ್ತಿದ್ದದ್ದೂ ಅದೇ. ಆ ಮನೆಯಲ್ಲಿ ಅವಳ ಅಡುಗೆಗೆ, ಅವಳು ಮಡಚಿಟ್ಟ ಬಟ್ಟೆಗೆ, ಅವಳು ಎಳೆದ ಪರದೆಗೆ ಗೀಟು ಬೀಳದ ದಿನವಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಸಂಜೆ ಅವಳು ಟೀ ತಂದು ಶೆಡ್ಡಿನ ಬಾಗಿಲಲ್ಲಿ ನಿಂತಾಗ, ಹೊರಗಿನ ಬೆಳಕು ಕೆನ್ನೆಯ ಮೇಲೆ ಬಿದ್ದಾಗ, ಮೂಲೆಮಟ್ಟನ ಕೈಯಲ್ಲಿದ್ದ ಗರಗಸ ನಿಲ್ಲುತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿಯೂ ಆ ಮುಖವೊಂದರಲ್ಲಿ ಮಾತ್ರ ಅವನಿಗೆ ಒಂದೇ ಒಂದು ತಪ್ಪು ಸಿಕ್ಕಿರಲಿಲ್ಲ. ಅದನ್ನು ನೋಡದಿದ್ದರೆ ಅವನ ದಿನ ಮುಗಿಯುತ್ತಿರಲಿಲ್ಲ. ಹಾಗಂತ ಅವಳಿಗೆ ಹೇಳಿದ್ದನೇ? ಛೆ, ಅವನೆಲ್ಲಿ ಹೇಳುತ್ತಾನೆ!

ಹಳೆಯ ಗೇಟನ್ನು ಬಿಚ್ಚಿ ಹಲಗೆಗಳನ್ನು ಮೇಜಿನ ಮೇಲೆ ಹಾಸಿದ. ಮರ ನಯ ಮಾಡುವ ತೋಪಡ ಹೊಡೆಯತೊಡಗಿದಂತೆ ಮೇಲಿನ ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಹೊಸ ಮರದ ವಾಸನೆ ಬರಬೇಕಿತ್ತು. ಬಂದದ್ದು ನಶ್ಯದ ಘಾಟು. ಮೂಗಿನ ಒಳಗೆಲ್ಲ ಉರಿದು ಸೀನಿದ, ಮತ್ತೆ ಸೀನಿದ. ಕಣ್ಣೊರೆಸಿಕೊಂಡು ತೋಪಡ ತಳ್ಳಿದರೆ ಕರ್ ಎಂದು ಅಲಗಿನ ಅಂಚು ಮುರಿಯಿತು. ಹಲಗೆಯ ನಡುವೆ ಒಂದು ತಾಮ್ರದ ಮೊಳೆ. ಅದರ ಕತ್ತಿಗೆ ನರೆತ ಕೂದಲು ಬಿಗಿಯಾಗಿ ಸುತ್ತಿತ್ತು. ಎಣ್ಣೆ ಆರದ ಕೂದಲು, ಈಗ ತಾನೇ ಬಾಚಿ ತೆಗೆದಂತಿತ್ತು.

"ಭಾವ, ಇದನ್ನ ಬಿಟ್ಬಿಡೋಣ," ಎಂದ ಬಾಮೈದ. ಅವನ ಮುಖ ಬಿಳಿಚಿಕೊಂಡಿತ್ತು.

"ಸೂಜಿ ಹಿಡಿಯೋನಿಗೆ ಮೊಳೆ ಕಂಡ್ರೆ ಭಯ ಆಗ್ದೆ ಇನ್ನೇನು," ಎಂದ ಮೂಲೆಮಟ್ಟ. ಕೀಳಲು ಹೋದರೆ ಹಲಗೆ ಸೀಳುತ್ತದೆ. ಸುತ್ತಿಗೆಯಿಂದ ಮೊಳೆಯನ್ನು ಇನ್ನೂ ಆಳಕ್ಕೆ ಹೊಡೆದ. ಮೇಲಿನ ಕುಳಿಗೆ ಮರದ ಹೊಟ್ಟು, ಅಂಟು ಕಲಸಿ ತುಂಬಿ ಉಜ್ಜಿದ. ಎಲ್ಲಿತ್ತು ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಈ ಕೆಲಸ ಮಾಡಿದ್ದರೆ ಅವನೇ ಗೀಟು ಎಳೆದಿರುತ್ತಿದ್ದ.

ಆಗಲೇ ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು. ಶೆಡ್ಡಿನ ಕಡೆಗೇ ಮೂತಿ ಮಾಡಿ, ಉಸಿರು ಬಿಡದೆ ಬೊಗಳಿತು.

"ಥೂ, ಇದರ ಬಾಯಿ ಬಿದ್ದುಹೋಗ!" ಎಂದು ಮೂಲೆಮಟ್ಟ ಹಲಗೆಯ ಮೇಲೆ ಅಂಗೈ ಬಡಿದ.

ಟಕ್.

ಮೇಜಿನ ತುದಿಯಲ್ಲಿ ಬಿಡಿಯಾಗಿ ಬಿದ್ದಿದ್ದ ಹಳೆಯ ಚಿಲಕ ತಾನೇ ಮುಚ್ಚಿಕೊಂಡಿತ್ತು. ಹೊರಗೆ ನಿಶ್ಶಬ್ದ. ಬಾಮೈದ ಕಿಟಕಿಯಿಂದ ನೋಡಿದ. ನಾಯಿ ಇನ್ನೂ ಬೊಗಳುತ್ತಲೇ ಇತ್ತು. ಕತ್ತು ಎಗರುತ್ತಿತ್ತು, ದವಡೆ ತೆರೆದು ಮುಚ್ಚುತ್ತಿತ್ತು. ಸದ್ದು ಮಾತ್ರ ಇಲ್ಲ.

"ಅಬ್ಬ, ಈಗ ಒಂದು ನೆಮ್ಮದಿ," ಎಂದು ಮೂಲೆಮಟ್ಟ ತೋಪಡಕ್ಕೆ ಹೊಸ ಅಲಗು ಹಾಕಿದ.

ಗೇಟು ಎದ್ದಿತು. ಒಂದರ ಪಕ್ಕ ಒಂದು ನಿಂತ ಹಲಗೆಗಳು, ಹಿಂಭಾಗದಲ್ಲಿ ಮೇಲೊಂದು ಕೆಳಗೊಂದು ಅಡ್ಡಪಟ್ಟಿ, ಅವೆರಡರ ನಡುವೆ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ. ಗೇಟಿನ ಪ್ರಾಣ ಇರುವುದು ಆ ಓರೆಪಟ್ಟಿಯಲ್ಲಿ. ಅದರ ಕಾಲು ಗೇಟು ತಿರುಗುವ ಬಿಜಾಗರಿಯ ಕಡೆ ಕೆಳಗಿರಬೇಕು, ತಲೆ ಚಿಲಕದ ಕಡೆ ಮೇಲಿರಬೇಕು. ಆಗ ಭಾರವೆಲ್ಲ ಕಂಬಕ್ಕೆ ಇಳಿಯುತ್ತದೆ. ತಿರುಗುಮುರುಗಾದರೆ ಗೇಟು ನಾಲ್ಕು ದಿನಕ್ಕೆ ಮೂಗು ನೆಲಕ್ಕೆ ಹಚ್ಚುತ್ತದೆ.

ಬೆಳಿಗ್ಗೆ ಅದನ್ನು ಹೊತ್ತು ತಂದು ಕಂಬಗಳ ನಡುವೆ ನಿಲ್ಲಿಸಿ, ಕೆಳಗೆ ಮರದ ತುಂಡು ಕೊಟ್ಟು ಎತ್ತರ ಸರಿಮಾಡಿದಾಗ ಮೂಲೆಮಟ್ಟನ ಕಣ್ಣು ಓರೆಪಟ್ಟಿಯ ಮೇಲೆ ಬಿತ್ತು. ಪಟ್ಟಿ ತಲೆಕೆಳಗಾಗಿತ್ತು. ಕಾಲು ಚಿಲಕದ ಕಡೆ!

ತಪ್ಪು ಯಾರದು? ಬಿಜಾಗರಿ ಎಡಕ್ಕೆ ಎಂದು ಪೆನ್ಸಿಲ್ ಗುರುತು ಹಾಕಿದವನು ಅವನೇ. ಗುರುತು ಹಾಕಿದ್ದು ಗೇಟಿನ ಮುಂಭಾಗದಿಂದ ನೋಡಿ. ಹಿಂಭಾಗ ಮೇಲಾಗಿ ಮಗುಚಿದಾಗ ಎಡ ಬಲವಾಗುತ್ತದೆ ಎಂಬುದನ್ನು ಮರೆತವನೂ ಅವನೇ. ಬಾಮೈದ, ಬಿಗಿ ಎಂದ ಕಡೆ ಸ್ಕ್ರೂ ಬಿಗಿದಿದ್ದ, ಅಷ್ಟೆ. ಮೂಲೆಮಟ್ಟನಿಗೆ ಅದು ಒಂದು ಗಳಿಗೆಯಲ್ಲಿ ಹೊಳೆಯಿತು. ಹೊಳೆದದ್ದಕ್ಕೇ ಮೈ ಉರಿದುಹೋಯಿತು. ಹಿಂದುಮುಂದು ತಿಳಿಯದ ತಪ್ಪು, ಅದೂ ಜೀವಮಾನವೆಲ್ಲ ತಪ್ಪು ಹಿಡಿದವನ ಕೈಯಿಂದ! ಗೇಟಿನ ಮೇಲೆ ಕೈಯೂರಿಕೊಂಡೇ ಗುಡುಗಿದ.

"ಕತ್ತೆ ಬಡವ! ಯಾವ ಕಡೆ ಬಿಗಿದಿದೀಯೋ ಇದನ್ನ? ನಿನ್ನ ಕೈ ಸೇದಿಹೋಗ!"

ಟಕ್.

ಬಾಮೈದನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಕಲ್ಲಿನ ಮೇಲೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ. ಬೆರಳು ಮಡಚಲಿಲ್ಲ. ಮತ್ತೆ ಪ್ರಯತ್ನಿಸಿದ. "ಭಾವ..." ಎಂದ, ಚಿಕ್ಕ ದನಿಯಲ್ಲಿ. ತೋಳಿನ ಚರ್ಮ ಅವನ ಕಣ್ಣೆದುರೇ ಸುಕ್ಕುಗಟ್ಟುತ್ತ, ಮೂಳೆಗೆ ಅಂಟಿಕೊಳ್ಳುತ್ತ ಮೇಲೆ ಮೇಲೆ ಹೋಗುತ್ತಿತ್ತು. ನೋವಿಲ್ಲ, ರಕ್ತವಿಲ್ಲ. ನೀರು ಕಾಣದ ಕೊಂಬೆಯ ಹಾಗೆ ಕೈ ಒಣಗಿತು.

ಆಟೋ ಬಂತು, ಬಾಮೈದ ಆಸ್ಪತ್ರೆಗೆ ಹೋದ. ಮೂಲೆಮಟ್ಟ ಹೋಗಲಿಲ್ಲ. "ಏನೋ ನರದ ತೊಂದರೆ ಇರಬೇಕು. ದಿನವೆಲ್ಲ ಕೂತು ಹೊಲಿದ್ರೆ ಇನ್ನೇನಾಗುತ್ತೆ," ಎಂದು ಓರೆಪಟ್ಟಿಯನ್ನು ತಾನೇ ಬಿಚ್ಚಿ, ಸರಿಯಾಗಿ ತಿರುಗಿಸಿ ಬಿಗಿದ. ಬಿಜಾಗರಿ ಕೂರಿಸಿದ, ಹಳೆಯ ಚಿಲಕವನ್ನೇ ಹಚ್ಚಿದ. ಗೇಟು ಬೆರಳು ತಾಕಿಸಿದರೆ ಸಾಕು, ತೇಲಿದಂತೆ ಬಂದು ಮುಚ್ಚಿಕೊಳ್ಳುತ್ತಿತ್ತು. ಒಳಗೊಳಗೇ ಹಿಗ್ಗಿದ. ಬೆನ್ನ ಹಿಂದೆ ಯಾರೋ ಸರ್‍ರನೆ ಮೂಗು ಎಳೆದುಕೊಂಡ ಸದ್ದಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ.

ಮಧ್ಯಾಹ್ನ ಹೆಂಡತಿ ಫ್ಲಾಸ್ಕು, ಒಂದು ಜೊತೆ ಬಟ್ಟೆ ಹಿಡಿದು ಹೊರಬಂದಳು. ಅತ್ತು ಅತ್ತು ಕಣ್ಣು ಊದಿತ್ತು.

"ರೀ, ಆ ಗೇಟಿಂದ ಕೈ ತೆಗೀರಿ. ಗುಜರಿಯವನು ಹೇಳಿದ್ದನ್ನ ತಮ್ಮ ಎಲ್ಲಾ ಹೇಳಿದ."

"ಗುಜರಿಯವನು ಹೇಳಿದ್ನಂತೆ, ಇವಳು ಕೇಳಿದ್ಲಂತೆ! ಅಕ್ಕ ತಮ್ಮ ಇಬ್ಬರಿಗೂ ಸೇರಿ ಒಂದೇ ತಲೆ, ಅದರಲ್ಲೂ ಬರೀ ಹೊಟ್ಟು."

"ಏನಾದ್ರೂ ಅನ್ನಿ ನನಗೆ. ಅವನದು ಹೊಲಿಯೋ ಕೈ ಕಣ್ರೀ, ಅದಿಲ್ದೆ ಅವನು ಬದುಕೋದು ಹೇಗೆ? ಒಂದ್ಸಲ ಬಂದು ಅವನ ಹತ್ರ ಹೇಳಿ. ಗುರುತು ಹಾಕಿದ್ದು ನಾನು, ತಪ್ಪು ನಂದು ಅಂತ."

ಕಿಟಕಿಯಿಂದ ಅವಳು ಎಲ್ಲ ನೋಡಿದ್ದಳು. ಮೂಲೆಮಟ್ಟನ ಕಿವಿ ಕೆಂಪಾಯಿತು. ಗೇಟಿನ ಮೇಲಿದ್ದ ಕೈ ಇನ್ನೂ ಬಿಗಿಯಾಯಿತು.

"ನನಗೇ ತಪ್ಪು ತೋರಿಸೋಕೆ ಬಂದ್ಯಾ? ನೀನು? ನಡಿಯೇ ಆಚೆ! ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ ನನಗೆ!"

ಟಕ್.

ಅವಳು ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದಳು. ಎಷ್ಟು ಜಗಳವಾದರೂ ಮನೆಯಿಂದ ಹೊರಡುವಾಗ ಹೇಳುವ ಮಾತನ್ನು ಅವಳು ಯಾವತ್ತೂ ಬಿಟ್ಟವಳಲ್ಲ. ಇವತ್ತೂ ಬಿಡಲಿಲ್ಲ.

"ಬರ್ತೀನಿ," ಎಂದಳು. ಹೋದಳು.

ಸಂಜೆಯಾಯಿತು. ಕರೆಂಟು ಹೋಗಿತ್ತು. ಶೆಡ್ಡಿನಲ್ಲಿ ಮೋಂಬತ್ತಿ ಹಚ್ಚಿಕೊಂಡು ಮೂಲೆಮಟ್ಟ ಉಳಿಗಳನ್ನು ಒರೆಸುತ್ತಿದ್ದ. ಟೀ ತರುವವರಿರಲಿಲ್ಲ. ಗೇಟು ತೆರೆದ ಸದ್ದಾಯಿತು. ಚಪ್ಪಲಿಯ ಸದ್ದು ಹತ್ತಿರವಾಯಿತು. ಅದು ಅವಳ ನಡಿಗೆಯೇ. ಬೈಯಲು ಬಾಯಿ ತೆರೆದು ತಲೆ ಎತ್ತಿದ.

ಬಾಗಿಲಲ್ಲಿ ಅವಳು ಬೆನ್ನು ಹಾಕಿ ನಿಂತಿದ್ದಳು. ಅಥವಾ ಅವನಿಗೆ ಹಾಗನ್ನಿಸಿತು. ಮೋಂಬತ್ತಿಯ ಬೆಳಕಿನಲ್ಲಿ ಕಂಡದ್ದು ಅವಳ ತುರುಬು.

"ಏನೇ ಇದು, ಹಿಂದು ಹಿಂದಕ್ಕೆ ನಡ್ಕೊಂಡು ಬಂದ್ಯಾ?"

"ಡಾಕ್ಟರು ಕೈ ಬಿಟ್ಟಿದಾರೆ ರೀ," ಎಂದಿತು ತುರುಬು.

ಕೂದಲ ಒಳಗಿನಿಂದ ಮಾತು ಬಂದಿತ್ತು. ಅವನ ಕಣ್ಣು ಕೆಳಗಿಳಿಯಿತು. ಕಾಲ ಬೆರಳು ಅವನ ಕಡೆಗಿದ್ದವು. ಎದೆಗೆ ಒತ್ತಿ ಹಿಡಿದ ಫ್ಲಾಸ್ಕು ಅವನ ಕಡೆಗಿತ್ತು. ಕತ್ತಿನ ಮೇಲೆ, ಮುಖ ಇರಬೇಕಾದಲ್ಲಿ, ಬಿಗಿದು ಕಟ್ಟಿದ ತುರುಬು.

ಎದ್ದ. ಮೇಜಿಗೆ ತಾಗಿ ಉಳಿಗಳು ಉದುರಿದವು. ಅವಳ ಪಕ್ಕಕ್ಕೆ ಬಂದ. ತುರುಬು. ಹಿಂದಕ್ಕೆ ಬಂದ. ತುರುಬು. ಸುತ್ತು ಹಾಕಿದ. ತುರುಬು, ತುರುಬು. "ಏನಾಯ್ತು ರೀ, ಯಾಕೆ ಹೀಗೆ ಸುತ್ತುತಿದೀರಾ?" ಎಂದು ಅವಳು ಅವನ ಹಣೆ ಮುಟ್ಟಲು ಬಂದಳು. ಅವಳನ್ನು ತಳ್ಳಿ, ಮೋಂಬತ್ತಿ ಕಿತ್ತುಕೊಂಡು ಮನೆಯೊಳಗೆ ಓಡಿದ. ಅವಳೂ ಹಿಂದೆಯೇ ಬಂದಳು. ಗೋಡೆಯ ಮೇಲೆ ಅವರ ಮದುವೆಯ ಫೋಟೋ ಇತ್ತು. ಮೋಂಬತ್ತಿ ಎತ್ತಿ ಹಿಡಿದ. ಹುಡುಗ ಮೂಲೆಮಟ್ಟ ಕ್ಯಾಮೆರಾ ನೋಡುತ್ತ ನಿಂತಿದ್ದ. ಅವನ ಪಕ್ಕದ ಹುಡುಗಿ ಕ್ಯಾಮೆರಾಕ್ಕೆ ತುರುಬು ತೋರಿಸಿ ಕೂತಿದ್ದಳು.

ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದ. ಮೊದಲ ಸಲ ಕಂಡ ಮುಖ. ಜ್ವರದಲ್ಲಿ ಕಂಡ ಮುಖ. ನೆನ್ನೆ ಟೀ ಕೊಟ್ಟ ಮುಖ. ಎಲ್ಲ ಕಡೆ ಕೂದಲು.

ಹಿಂದೆ ಯಾರೋ ಸರ್‍ರನೆ ಮೂಗು ಎಳೆದರು. ನಶ್ಯದ ಘಾಟು ಮೂಗಿಗೆ ಬಡಿಯಿತು.

ಆಗ ಹೆದರಿದ ಮೂಲೆಮಟ್ಟ. ಜೀವನದಲ್ಲಿ ಮೊದಲ ಸಲ ಹೆದರಿದ. ಗೇಟಿನ ಹತ್ತಿರ ಓಡಿದ, ಹಲಗೆಯ ಮೇಲೆ ಎರಡೂ ಕೈ ಇಟ್ಟ. "ತಪ್ಪಾಯ್ತು," ಎಂದ. ಆ ಮಾತು ಅವನ ಬಾಯಿಗೇ ಹೊಸದು, ತೊದಲಿದ. "ತಪ್ಪು ನಂದೇ. ಅವಳ ಮುಖ ತೋರ್ಸು. ಕೈ ಮುಗೀತೀನಿ." ಚಿಲಕ ಅಲ್ಲಾಡಲಿಲ್ಲ. ಒಳ್ಳೆಯ ಮಾತು ಅದಕ್ಕೆ ಕೇಳಿಸುವುದಿಲ್ಲ.

ಮೊಳೆ! ಮೊಳೆ ಕಿತ್ತರೆ? ಹಲಗೆಯ ಮೇಲೆ ಬೆರಳಾಡಿಸಿದ. ಉಗುರಿನಿಂದ ಕೆರೆದ. ಎಲ್ಲಿ ಕೆರೆದರೂ ನುಣುಪು. ಅಷ್ಟು ಚೊಕ್ಕವಾಗಿ ಮುಚ್ಚಿದ್ದ ಪುಣ್ಯಾತ್ಮ. ಕೊಡಲಿ ನೆನಪಾಯಿತು. ಒಡೆದರೆ ಹತ್ತಿದ ಮಾತು ನಿಂತುಬಿಡುತ್ತದೆ ಎಂದದ್ದೂ ನೆನಪಾಯಿತು.

ಹಾಗಾದರೆ ಉಳಿದದ್ದು ಅವನ ಹತ್ತಿರ ಯಥೇಚ್ಛವಾಗಿದ್ದ ಸರಕೊಂದೇ. ಕೆಟ್ಟ ಮಾತು. ಮೊಳೆಯ ಡಬ್ಬಿಯಲ್ಲಿ ಕೈಯಾಡಿಸಿ ಅಳತೆಗೆ ಸರಿಯಾದ ಮೊಳೆ ಹುಡುಕುವ ಹಾಗೆ ಬೈಗುಳಗಳಲ್ಲಿ ಹುಡುಕಿದ. ನನ್ನ ಕಣ್ಣು ಇಂಗಿಹೋಗ? ಬೇಡ, ಆಮೇಲೆ ಮುಖ ನೋಡುವುದು ಯಾವ ಕಣ್ಣಿಂದ. ನನ್ನ ನಾಲಿಗೆ ಸೇದಿಹೋಗ? ಆಡಿದ ಮಾತು ಅದರಿಂದ ವಾಪಸು ಬರುವುದಿಲ್ಲ. ಆಡಿದ್ದೇ ನಾಶವಾಗಬೇಕು. ಆಡಿದ್ದಕ್ಕೇ...

ಸಿಕ್ಕಿತು. ಆ ಭಯದಲ್ಲೂ ಮೂಲೆಮಟ್ಟನ ತುಟಿಯ ಮೇಲೆ ಹಳೆಯ ನಗೆ ಬಂತು. ನಶ್ಯದ ಮುದುಕಿ, ಅವಳಿಗೆ ಮಂತ್ರ ಮಾಡಿಕೊಟ್ಟವನು, ಇಬ್ಬರೂ ಅಡ್ಡಕಸುಬಿಗಳು. ಇಷ್ಟು ಸುಲಭದ ಸಂದು ಬಿಟ್ಟಿದ್ದಾರೆ! ಎದೆ ಉಬ್ಬಿಸಿ ಗೇಟಿನ ಮೇಲೆ ಅಂಗೈ ಅಪ್ಪಳಿಸಿದ.

"ನಾನಾಡಿದ ಮಾತಿಗೆಲ್ಲ ಬೆಂಕಿ ಬೀಳ!"

ಟಕ್.

ಬಾಯೊಳಗೆ ಬಿಸಿ. ನಾಲಿಗೆ ಸುಟ್ಟಿತು. ಗಂಟಲು ಸುಟ್ಟಿತು. ಕಿರುಚಲು ನೋಡಿದ. ಕಿರುಚು ಬರಲಿಲ್ಲ. ಹೊಗೆ ಬಂತು. ಕೆಮ್ಮಿದ. ಬೂದಿ ಉದುರಿತು. ಪಕ್ಕದ ಮನೆಯಲ್ಲಿ ನಾಯಿ ಬೊಗಳಿತು. ಗಟ್ಟಿಯಾಗಿ ಬೊಗಳಿತು! ಕರೆಂಟು ಬಂತು. ಮನೆಯೊಳಗೆ ಫೋನು ಬಡಿದುಕೊಂಡಿತು. ಎತ್ತಿದ ಸದ್ದು. ಅವಳ ದನಿ: "ಏನಂದೆ? ಬೆರಳು ಆಡ್ತಿದ್ಯಾ? ನಿಜವಾಗ್ಲೂ? ಬಂದೆ ಕಣೋ, ಈಗಲೇ ಬಂದೆ!"

ಬಾಗಿಲು ತೆರೆಯಿತು. ದೀಪದ ಬೆಳಕು ಅಂಗಳಕ್ಕೆ ಚೆಲ್ಲಿತು.

ಮುಖ.

ಕಣ್ಣು, ಮೂಗು, ಗಲ್ಲದ ಸಣ್ಣ ಮಚ್ಚೆ. ಅತ್ತು ಊದಿದ ರೆಪ್ಪೆ, ಅದರ ಮೇಲೆ ಈಗ ತಾನೇ ಬಂದ ಸಂತೋಷ. ಒಂದೂ ತಪ್ಪಿಲ್ಲ. ಮೂಲೆಮಟ್ಟ ಗೇಟು ಹಿಡಿದುಕೊಂಡು ಅತ್ತುಬಿಟ್ಟ. ಇವತ್ತು ಹೇಳುತ್ತೇನೆ ಎಂದುಕೊಂಡ. ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಈಗಲೇ ಹೇಳುತ್ತೇನೆ. ಬಾಯಿ ತೆರೆದ. ಗಾಳಿ ಬಂತು, ಬೂದಿ ಬಂತು. ಮಾತು ಇರಲಿಲ್ಲ.

ಅವಳು ಮೆಟ್ಟಿಲ ಮೇಲೆ ನಿಂತು ಅವನನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಯಾರು ಬೇಕಾಗಿತ್ತು ನಿಮಗೆ?"

ಅವನು ತಲೆ ಅಲ್ಲಾಡಿಸಿದ. ಎದೆ ಮುಟ್ಟಿಕೊಂಡ. ಅವಳ ಕಡೆ ಕೈ ತೋರಿಸಿದ. ಅವಳು ಮರ್ಯಾದೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಎಲ್ಲ ಎಂದಿದ್ದನಲ್ಲ ಅವನು. ಎಲ್ಲ ಎಂದರೆ ಎಲ್ಲ. ಬೈದದ್ದು ಸುಟ್ಟಿತು, ಹತ್ತಿದ್ದು ಸುಟ್ಟಿತು. ಅವಳನ್ನು ಮೊದಲ ಸಲ ನೋಡಲು ಹೋದ ದಿನ ಅವಳ ಅಪ್ಪನ ಎದುರು ಕೂತು, ತಲೆ ತಗ್ಗಿಸಿ, "ನನಗೆ ಒಪ್ಪಿಗೆ" ಎಂದಿದ್ದನಲ್ಲ, ಆ ಒಂದು ಮಾತೂ ಅದರ ಜೊತೆಗೇ ಸುಟ್ಟುಹೋಯಿತು.

"ನಾನ್ಯಾಕೆ ಇಲ್ಲಿದೀನೋ ಗೊತ್ತಾಗ್ತಿಲ್ಲ," ಎಂದಳು ಅವಳು ಮನೆಯತ್ತ ಒಮ್ಮೆ ತಿರುಗಿ ನೋಡಿ, ಬೇರೆಯವರ ಮನೆಗೆ ಬಂದವಳ ಸಂಕೋಚದಲ್ಲಿ. "ಯಾರ ಮನೆಯೋ ಏನೋ. ನನ್ನ ತಮ್ಮ ಆಸ್ಪತ್ರೇಲಿದಾನೆ, ಸ್ವಲ್ಪ ದಾರಿ ಬಿಡ್ತೀರಾ?"

ಅವನು ಬಿಡಲಿಲ್ಲ. ಅಡ್ಡ ನಿಂತ. ಅವಳ ಮುಖದಲ್ಲಿ ಹೆದರಿಕೆ ಕಾಣಿಸಿತು. ಅದನ್ನು ನೋಡಲಾರದೆ ಪಕ್ಕಕ್ಕೆ ಸರಿದ.

ಅವಳು ಗೇಟಿನ ಹತ್ತಿರ ಬಂದು ನಿಂತಳು. ಸರಿಯಾಗಿ ಕೂತ ಓರೆಪಟ್ಟಿಯನ್ನು, ನೇರವಾಗಿ ಕೂಡಿದ ಮೂಲೆಗಳನ್ನು ನೋಡಿದಳು. ನುಣುಪಾದ ಹಲಗೆಯ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಎಷ್ಟು ಮಾಟವಾಗಿದೆ! ನೀವೇ ಮಾಡಿದ್ದಾ?"

ಮೂಲೆಮಟ್ಟ ತಲೆಯಾಡಿಸಿದ. ಅವಳು ಅಪರಿಚಿತರಿಗೆ ನಗುವ ಹಾಗೆ ಒಂದು ನಗೆ ನಕ್ಕಳು. ಎಲ್ಲೋ ಹತ್ತಿರದಲ್ಲಿ ಯಾರೋ ಸರ್‍ರನೆ ಮೂಗು ಎಳೆದುಕೊಂಡರು. ಬೇಡ, ಕೈ ತೆಗಿ ಎಂದು ಅವನು ಎರಡೂ ಕೈ ಬೀಸಿದ, ಬೂದಿ ಉಗುಳುತ್ತ ಬಾಯಿ ಬಡಿದುಕೊಂಡ. ಅವಳಿಗೆ ಅರ್ಥವಾಗಲಿಲ್ಲ. ಪಾಪ, ಮೂಗ ಎಂದುಕೊಂಡಳು. ಹಲಗೆಯ ಮೇಲೆ ಕೈಯಿಟ್ಟುಕೊಂಡೇ, ಮತ್ತೆ ಬರಬೇಕಾದ ಕಾರಣವಿಲ್ಲದವರು ಹೇಳುವ ಮಾತು ಹೇಳಿದಳು.

"ಹೋಗ್ತೀನಿ."

ಗೇಟು ನೆಲ ಕೆರೆಯದೆ, ಕಿರ್ ಎನ್ನದೆ, ತೇಲಿ ಬಂದು ಅವಳ ಹಿಂದೆ ಮುಚ್ಚಿಕೊಂಡಿತು.

ಟಕ್.